ಕೈ ಕೊಡದ ಕೈಗೆ ಹನ್ನೆರಡು ಸೂತ್ರ

ಮುಂಬೈಯ ಆಂಟಾಪ್ ಹಿಲ್ ಇನ್ನೂ ಕಟ್ಟಿ ಮುಗಿದ ಊರಲ್ಲ. ಒಂದು ಕಡೆ ಕೇಂದ್ರ ಸರ್ಕಾರಿ ನೌಕರರ ಹಳೆಯ ಕ್ವಾರ್ಟರ್ಸು, ಇನ್ನೊಂದು ಕಡೆ ಝೋಪಡಿ ತೆರವಾದ ಜಾಗದಲ್ಲಿ ಎದ್ದ ಪುನರ್ವಸತಿ (ಎಸ್‌ಆರ್‌ಎ) ಕಟ್ಟಡಗಳು, ನಡುವೆ ಮೊನೊರೈಲಿನ ಕಂಬಗಳು, ವಡಾಲಾ ದಿಕ್ಕಿಗೆ ತಲೆಯೆತ್ತಿ ನೋಡಬೇಕಾದ ಟವರುಗಳು. ಇಷ್ಟನ್ನೂ ಯಾರದೋ ಕೈ ಕಟ್ಟಿದೆ. ಮುಂಬೈಯ ಕೂಲಿ ನಾಕಾಗಳಲ್ಲಿ ಬೆಳಿಗ್ಗೆ ಡಬ್ಬಿ ಹಿಡಿದು ನಿಂತವರ ನಡುವೆ ಕಲಬುರಗಿ, ಯಾದಗಿರಿ, ವಿಜಯಪುರದ ಮಾತು ಕಿವಿಗೆ ಬೀಳುವುದು ಹೊಸದೇನಲ್ಲ. ಮಾಲು ಹೊರುವ ಬಿಗಾರಿಯಾಗಿ ಬಂದವನು ಕರಣೆ ಹಿಡಿಯುವ ಗವಂಡಿಯಾಗಬೇಕು, ಗವಂಡಿಯಾದವನು ಸಣ್ಣ ಠೇಕೇದಾರನಾಗಬೇಕು. ಇಲ್ಲಿನ ಏಣಿ ಅದು. ಕರಣೆ ಹಿಡಿಯುವುದನ್ನು, ರಸಮಟ್ಟ ನೋಡುವುದನ್ನು, ತೂಗುಗುಂಡು ಬಿಡುವುದನ್ನು ಹಿರಿಯರು ಬೈದಾದರೂ ಕಲಿಸುತ್ತಾರೆ. ಕೈ ಕಾಪಾಡಿಕೊಳ್ಳುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಏಣಿಯ ಅರ್ಧದಲ್ಲಿ ಜನ ಇಳಿದುಹೋಗುವುದಕ್ಕೆ ಅದೂ ಒಂದು ಕಾರಣ.

1. ಉರಿಯನ್ನು ನಂಬಬೇಡಿ

ಬೆಂಕಿ ತಾಗಿದರೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ಹಸಿ ಸಿಮೆಂಟು ಹಾಗೆ ಎಚ್ಚರಿಸುವುದಿಲ್ಲ. ಬೆಳಿಗ್ಗೆ ಮೆತ್ತಿಕೊಂಡ ಗಾರೆ ಮಧ್ಯಾಹ್ನದವರೆಗೂ ತಣ್ಣಗೇ ಇರುತ್ತದೆ. ಸಂಜೆ ಚರ್ಮ ಕೆಂಪಾಗುತ್ತದೆ, ರಾತ್ರಿ ಗುಳ್ಳೆ ಏಳುತ್ತದೆ, ಕೆಲವೊಮ್ಮೆ ಸುಟ್ಟ ಗಾಯದ ಆಳ ಮರುದಿನವೇ ತಿಳಿಯುವುದು.

ಕಾರಣ ಸರಳ. ಸಿಮೆಂಟಿಗೆ ನೀರು ಬಿದ್ದೊಡನೆ ಅದರೊಳಗೆ ಸುಣ್ಣ ಹುಟ್ಟುತ್ತದೆ. ಜೊತೆಗೆ ಸೋಡಿಯಂ, ಪೊಟ್ಯಾಸಿಯಂಗಳ ತೀಕ್ಷ್ಣ ಕ್ಷಾರಗಳೂ ಸೇರಿಕೊಳ್ಳುತ್ತವೆ. ಕ್ಷಾರವನ್ನು ಅಳೆಯುವ ಪಿಎಚ್ ಮಾಪಕದಲ್ಲಿ ನಮ್ಮ ಚರ್ಮ ಸುಮಾರು 5.5ರಲ್ಲಿದ್ದರೆ ಹಸಿ ಸಿಮೆಂಟು 12ರಿಂದ 13ರಲ್ಲಿರುತ್ತದೆ. ಆ ಮಾಪಕದಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. ಏಳು ಮೆಟ್ಟಿಲು ಹತ್ತಿದರೆ ಲೆಕ್ಕ ಒಂದು ಕೋಟಿ ಪಟ್ಟಿಗೆ ನಿಲ್ಲುತ್ತದೆ. ಈ ಕ್ಷಾರ ಮೊದಲು ಚರ್ಮದ ಎಣ್ಣೆಯನ್ನು ಸಾಬೂನು ಮಾಡಿಬಿಡುತ್ತದೆ. ಗಾರೆ ಕಲಸಿದ ಕೈ ಜಾರುಜಾರಾಗುವುದು ಅದಕ್ಕೇ. ಎಣ್ಣೆ ಹೋದ ಚರ್ಮವನ್ನು ಉಸುಕು ಉಜ್ಜುತ್ತದೆ, ಇಟ್ಟಂಗಿಯ ಅಂಚು ಕೆರೆಯುತ್ತದೆ, ಬೆರಳತುದಿ ಸೀಳು ಬಿಡುತ್ತದೆ.

“ಏನ್ ಆಗ್ತದ್ರೀ, ನಮ್ ಕೈ ಗಟ್ಟಿ ಅದ” ಎನ್ನುವ ಹಿರಿಯರಿದ್ದಾರೆ. ಜಡ್ಡುಗಟ್ಟಿದ ಅಂಗೈ ತಡೆದೀತು, ಬೆರಳಸಂದಿಯಲ್ಲೂ ಮಣಿಕಟ್ಟಿನಲ್ಲೂ ಜಡ್ಡು ಎಲ್ಲಿಂದ ಬರಬೇಕು? ಆದ್ದರಿಂದ ಉರಿ ಕಾಣಿಸಿಕೊಂಡ ಮೇಲೆ ತೊಳೆಯುತ್ತೇನೆ ಎಂಬ ಲೆಕ್ಕ ಬಿಡಿ. ಕೈ ತೊಳೆಯುವುದನ್ನು ಗಡಿಯಾರ ಹೇಳಲಿ, ಕೈ ಹೇಳುವುದು ಬೇಡ. ಮುಂದಿನ ಸೂತ್ರಗಳೆಲ್ಲ ಈ ಒಂದು ಮಾತಿನಿಂದ ಹೊರಡುತ್ತವೆ.

2. ಬೋಳುಗೈಯಲ್ಲಿ ಕೆಲಸಕ್ಕೆ ಇಳಿಯಿರಿ

ಉಂಗುರ, ಕಡಗ, ವಾಚು, ಮಣಿಕಟ್ಟಿನ ಕೆಂಪು ದಾರ: ಇವುಗಳ ಅಡಿಯಲ್ಲಿ ಗಾರೆಯ ನೀರು ಸೇರಿಕೊಂಡರೆ ಇಡೀ ದಿನ ಅಲ್ಲೇ. ದಾರ ನೆನೆದು ನೆನೆದು ಕ್ಷಾರ ಹೀರುತ್ತದೆ, ಅದೇ ಜಾಗದಲ್ಲಿ ಚರ್ಮ ಸುಡುತ್ತದೆ. ದೇವರ ದಾರ ತೆಗೆಯಲು ಮನಸ್ಸಾಗದಿದ್ದರೆ ರಟ್ಟೆಗೆ ಏರಿಸಿ ಕಟ್ಟಿಕೊಳ್ಳಿ. ದೇವರ ತಕರಾರೇನೂ ಇರಲಾರದು.

3. ಗ್ಲೌಸು ಇದೆ ಎನ್ನುವುದು ಸಾಲದು, ಯಾವ ಗ್ಲೌಸು ಎಂದು ಕೇಳಿ

ಸೈಟಿನಲ್ಲಿ ಸುಲಭವಾಗಿ ಸಿಗುವುದು ಎರಡು ಬಗೆ. ಒಂದು, ಬಿಳಿ ಹತ್ತಿಯ ಹೆಣಿಗೆ ಗ್ಲೌಸು. ಸಲಾಕೆ ಎತ್ತಲು, ಒಣ ಇಟ್ಟಂಗಿ ಸಾಗಿಸಲು ಅದು ಸರಿ. ಹಸಿ ಗಾರೆಗೆ ಅದು ಬರಿಗೈಗಿಂತ ಕೆಟ್ಟದ್ದು, ಏಕೆಂದರೆ ಸಿಮೆಂಟಿನ ನೀರನ್ನು ಹೀರಿ ಚರ್ಮಕ್ಕೆ ಒತ್ತಿ ಹಿಡಿದಿರುತ್ತದೆ. ಎರಡು, ಚರ್ಮದ ಗ್ಲೌಸು. ಅದೂ ನೀರು ಕುಡಿಯುತ್ತದೆ. ಸಾಲದ್ದಕ್ಕೆ ಚರ್ಮ ಹದ ಮಾಡಲು ಸಾಮಾನ್ಯವಾಗಿ ಕ್ರೋಮಿಯಂ ಲವಣವನ್ನೇ ಬಳಸುವುದರಿಂದ ಕ್ರೋಮಿಯಂ ಒಗ್ಗದವರಿಗೆ ಆ ಗ್ಲೌಸೇ ಶತ್ರು. (ಈ ಕ್ರೋಮಿಯಂ ಯಾರು, ಸಿಮೆಂಟಿನಲ್ಲಿ ಅದಕ್ಕೇನು ಕೆಲಸ ಎಂಬುದು ಹತ್ತನೆಯ ಸೂತ್ರದಲ್ಲಿದೆ.)

ಹಸಿ ಕೆಲಸಕ್ಕೆ ಬೇಕಾದದ್ದು ನೀರು ಒಳಗೆ ಬಿಡದ, ಕ್ಷಾರ ತಡೆಯುವ ನೈಟ್ರೈಲ್ ಅಥವಾ ಪಿವಿಸಿ ಗ್ಲೌಸು. ಒಳಗೆ ತೆಳ್ಳಗಿನ ಹತ್ತಿಯ ಪದರ ಇರಲಿ, ಮಣಿಕಟ್ಟು ದಾಟಿ ಮುಂಗೈವರೆಗೆ ಉದ್ದ ಇರಲಿ. ಅಂಗೈಗೆ ಮಾತ್ರ ರಬ್ಬರು ಬಳಿದು ಹಿಂಗೈ ಬಟ್ಟೆಯಾಗಿಯೇ ಬಿಟ್ಟ ಗ್ಲೌಸೂ ಬರುತ್ತದೆ. ಅದನ್ನು ಬ್ಲಾಕ್ ಎತ್ತುವುದಕ್ಕೆ ಇಟ್ಟುಕೊಳ್ಳಿ. ಅಳತೆ ಸರಿಯಿರಲಿ. ದೊಡ್ಡ ಗ್ಲೌಸಿನಲ್ಲಿ ಕರಣೆ ಜಾರುತ್ತದೆ, ಜಾರಿದ ಮರುಗಳಿಗೆ ಗವಂಡಿ ಗ್ಲೌಸು ಕಿತ್ತು ಬಿಸಾಡುತ್ತಾನೆ. ಅವನನ್ನು ಬೈದು ಫಲವಿಲ್ಲ, ಅಳತೆ ನೋಡದೆ ಡಜನ್ನಿನಲ್ಲಿ ತಂದವರನ್ನು ಬೈಯಬೇಕು.

ಮುಂಬೈಯ ಮೇ ತಿಂಗಳಲ್ಲಿ ಗ್ಲೌಸಿನೊಳಗೆ ಕೈ ಬೇಯುತ್ತದೆ ಎಂಬ ದೂರು ನಿಜ. ಬೆವರಿಗೆ ಒಳಗಿನ ಹತ್ತಿ ಪದರವೇ ಔಷಧ. ಎರಡು ಜೊತೆ ಹತ್ತಿಯ ಒಳಗ್ಲೌಸು ಇಟ್ಟುಕೊಂಡು ಊಟದ ಹೊತ್ತಿಗೆ ಬದಲಾಯಿಸಿ. ಕೈ ತೊಳೆಯದೆ ಗ್ಲೌಸು ಹಾಕಿಕೊಳ್ಳುವುದು ಮಾತ್ರ ಎಂದಿಗೂ ಬೇಡ. ಒಳಗೆ ಸಿಕ್ಕಿಬಿದ್ದ ಸಿಮೆಂಟು ಬೆವರಿನಲ್ಲಿ ನೆನೆದು, ಗಾಳಿಯಾಡದೆ, ಹೊರಗಿದ್ದುದಕ್ಕಿಂತ ಹೆಚ್ಚು ಸುಡುತ್ತದೆ. ತೆಗೆಯುವ ಮೊದಲು ಗ್ಲೌಸಿನ ಹೊರಮೈ ತೊಳೆಯಿರಿ, ಆಮೇಲೆ ಬೆರಳು ಸಡಿಲಿಸಿ ಎಳೆಯಿರಿ. ತೂತು ಬಿದ್ದದ್ದನ್ನು ಆವತ್ತೇ ಎಸೆಯಿರಿ. ಒಂದು ಜೊತೆಯ ಬೆಲೆ ಒಂದು ದಿನದ ಕೂಲಿಯ ಸಣ್ಣ ಪಾಲು, ಗುಳ್ಳೆ ಎದ್ದು ರಜೆ ಹಾಕಿದರೆ ಹೋಗುವುದು ಇಡೀ ವಾರದ ಕೂಲಿ.

4. ಎರಡು ಬಕೆಟ್ ಇಡಿ

ಕರಣೆ, ಗಾರೆ ಹೊರುವ ಘಮೇಲಾ ತೊಳೆಯುವ ಬಕೆಟ್ಟಿಗೆ ಕೈ ಅದ್ದುವುದು ಸೈಟಿನ ಹಳೆಯ ಚಾಳಿ. ನಾಲ್ಕು ಸಲ ಕರಣೆ ಅದ್ದಿದ ಮೇಲೆ ಅದು ನೀರಲ್ಲ, ತೆಳು ಸುಣ್ಣದ ತಿಳಿ. ಅದರಲ್ಲಿ ಕೈ ತೊಳೆದರೆ ಗಟ್ಟಿ ಕ್ಷಾರದ ಬದಲು ತೆಳು ಕ್ಷಾರ ಹಚ್ಚಿಕೊಂಡ ಹಾಗಾಯಿತು. ನಂಬಿಕೆ ಬಾರದಿದ್ದರೆ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಿಂದ ಕೆಂಪು ಲಿಟ್ಮಸ್ ಕಾಗದ ತಂದು ಬಕೆಟ್ಟಿನಲ್ಲಿ ಅದ್ದಿ ನೋಡಿ, ನೀಲಿಯಾಗುತ್ತದೆ. ಸೂಪರ್‌ವೈಸರ್ ಇದನ್ನು ಹೊಸ ಹುಡುಗರ ಮುಂದೆ ಒಮ್ಮೆ ಮಾಡಿ ತೋರಿಸಿದರೆ ಹತ್ತು ಭಾಷಣ ಉಳಿಯುತ್ತದೆ.

ಕೈಗೆ ಬೇರೆ ನೀರು ಬೇಕು, ಹರಿಯುವ ನೀರಾದರೆ ಇನ್ನೂ ಉತ್ತಮ. ನಲ್ಲಿ ಇಲ್ಲದ ಮಹಡಿಯಲ್ಲಿ ಒಂದು ಡ್ರಮ್ಮಿಗೆ ಬುಡದಲ್ಲಿ ಕೊಳಾಯಿ ಕೂರಿಸಿ, ಮುಚ್ಚಳ ಹಾಕಿ, ಅದಕ್ಕೆ ಕರಣೆ ಮುಟ್ಟಿಸಕೂಡದು ಎಂದು ಕಟ್ಟಪ್ಪಣೆ ಮಾಡಿ. ಟ್ಯಾಂಕರ್ ನೀರು ದುಬಾರಿ ಎಂದು ಇಲ್ಲಿ ಉಳಿಸುವುದು ತಪ್ಪು ಲೆಕ್ಕ. ಕ್ಯೂರಿಂಗಿಗೆ ದಿನಗಟ್ಟಲೆ ಗೋಡೆಗೆ ಹೊಡೆಯುವ ನೀರಿನ ಮುಂದೆ ಕೈಗೆ ಬೇಕಾದ ನೀರು ಎಷ್ಟು?

5. ಚಹಾ, ಊಟ, ತಂಬಾಕು: ಮೂರಕ್ಕೂ ಮೊದಲು ಕೈ ತೊಳೆಯಿರಿ

ಗಡಿಯಾರ ಎಂದೆನಲ್ಲ, ಸೈಟಿನ ಗಡಿಯಾರ ಇದೇ. ಚಹಾ ಬಂತೆಂದರೆ ಕೈ ತೊಳೆಯುವ ಹೊತ್ತಾಯಿತು. ಊಟಕ್ಕೂ ಅಷ್ಟೇ. ತಂಬಾಕು ತಿಕ್ಕುವವರು ಇನ್ನಷ್ಟು ಎಚ್ಚರದಿಂದಿರಬೇಕು. ಸಿಮೆಂಟು ಮೆತ್ತಿದ ಅಂಗೈಯಲ್ಲಿ ಸುಣ್ಣ-ತಂಬಾಕು ತಿಕ್ಕಿ ತುಟಿಯೊಳಗೆ ಇಟ್ಟುಕೊಂಡರೆ ಅಂಗೈಯದ್ದೂ ಬಾಯಿಗೆ ಹೋಗುತ್ತದೆ. ತಂಬಾಕು ಬಿಡಿ ಎಂಬ ಉಪದೇಶ ಬೇರೆ ಲೇಖನದ ವಿಷಯ. ಇಲ್ಲಿ ಕೇಳಿಕೊಳ್ಳುವುದು ಕೈ ತೊಳೆಯಿರಿ ಎಂದಷ್ಟೇ. ಮೂತ್ರಕ್ಕೆ ಹೋಗುವಾಗ ಹೋಗುವ *ಮೊದಲು* ತೊಳೆಯಿರಿ. ಕಾರಣ ವಿವರಿಸಬೇಕಿಲ್ಲ.

ಎಷ್ಟು ಹೊತ್ತು ತೊಳೆಯಬೇಕು? ಕೈ ಜಾರುತ್ತಿರುವಷ್ಟು ಹೊತ್ತು ಕ್ಷಾರ ಹೋಗಿಲ್ಲ ಎಂದೇ ಅರ್ಥ. ಮೆದು ಸಾಬೂನು ಸಾಕು. ಬಟ್ಟೆ ಒಗೆಯುವ ಸಾಬೂನು, ಡಿಟರ್ಜೆಂಟ್ ಪುಡಿ, ಪಾತ್ರೆ ಉಜ್ಜುವ ತಂತಿ ಬೇಡವೇ ಬೇಡ. ಅವೂ ಕ್ಷಾರದ ಕುಲದವೇ, ಇಲ್ಲವೇ ಚರ್ಮ ಕೆರೆಯುವವು. ತೊಳೆದಾದ ಮೇಲೆ ಬೆರಳಸಂದಿ ಒರೆಸಿ ಒಣಗಿಸಿ.

6. ಎಣ್ಣೆ ರಾತ್ರಿಗೆ, ಬೆಳಿಗ್ಗೆಗೆ ಅಲ್ಲ

ಬೆಳಿಗ್ಗೆ ಕೈಗೆ ಕೊಬ್ಬರಿಎಣ್ಣೆ ಬಳಿದುಕೊಂಡು ಸಿಮೆಂಟಿಗೆ ಇಳಿದರೆ ಅದು ಕವಚ ಎಂಬ ನಂಬಿಕೆ ಬಲವಾಗಿದೆ. ಎಣ್ಣೆ, ವ್ಯಾಸಲೀನು ಕ್ಷಾರವನ್ನು ತಡೆದು ನಿಲ್ಲಿಸುವುದಿಲ್ಲ, ಮೆತ್ತಿದ ಪುಡಿಯನ್ನು ಚರ್ಮಕ್ಕೆ ಅಂಟಿಸಿ ಹಿಡಿದಿರುತ್ತವೆ. ಸಾದಾ ರಬ್ಬರಿನ ಗ್ಲೌಸನ್ನಂತೂ ಎಣ್ಣೆ ಸಡಿಲಗೊಳಿಸಿ ಹಾಳು ಮಾಡುತ್ತದೆ. ಕೆಲಸ ಮುಗಿದು ಚೆನ್ನಾಗಿ ತೊಳೆದು ಒರೆಸಿದ ಮೇಲೆ ಅದೇ ಕೊಬ್ಬರಿಎಣ್ಣೆ, ಅದೇ ವ್ಯಾಸಲೀನು ಅಮೃತ. ಮಲಗುವ ಮುಂಚೆ ಹಚ್ಚಿ, ಸೀಳಿದ ಕಡೆ ಎರಡು ಸಲ ಹಚ್ಚಿ.

ಬೆರಳತುದಿಯನ್ನು ಉಪೇಕ್ಷಿಸಬೇಡಿ, ಅದಕ್ಕೊಂದು ಹೊಟ್ಟೆಪಾಡಿನ ಕಾರಣವೂ ಇದೆ. ಸಿಮೆಂಟು, ಇಟ್ಟಂಗಿ ಎರಡೂ ಸೇರಿ ಬೆರಳಗೆರೆಗಳನ್ನು ಸವೆಸುತ್ತವೆ. ಕಲಬುರಗಿಯ ರೇಷನ್ ಕಾರ್ಡಿನ ಮೇಲೆ ಈಗ ಮುಂಬೈಯಲ್ಲೂ ಧಾನ್ಯ ಪಡೆಯಬಹುದು, ಆದರೆ ಯಂತ್ರ ಹೆಬ್ಬೆರಳು ಗುರುತಿಸಬೇಕು. ಗೆರೆಯೇ ಅಳಿಸಿಹೋದ ಹೆಬ್ಬೆರಳನ್ನು ಅದು ಎಲ್ಲಿಂದ ಗುರುತಿಸೀತು? ಹಾಗಾಗಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡಿ, ಕಣ್ಣಿನ ಗುರುತು ನಡೆಯುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿ. ಗೆರೆ ಉಳಿಯಬೇಕೆಂದರೆ ಟೈಲ್ಸಿನ ಸಂದಿಗೆ ಬೆರಳಿನಿಂದ ಗ್ರೌಟ್ ತುಂಬುವುದನ್ನು ಇವತ್ತೇ ನಿಲ್ಲಿಸಿ, ರಬ್ಬರ್ ಪಟ್ಟಿ ಅದಕ್ಕೆಂದೇ ಇದೆ.

7. ಸ್ಲ್ಯಾಬ್ ದಿನ ಮೊಣಕಾಲನ್ನು ಮರೆಯಬೇಡಿ

ಆಳವಾಗಿ ಸುಟ್ಟುಕೊಳ್ಳುವುದು ಹೆಚ್ಚಾಗಿ ಕೈಯಲ್ಲ, ಮೊಣಕಾಲು ಮತ್ತು ಪಾದ. ಸ್ಲ್ಯಾಬ್ ಬೀಳುವ ದಿನ ಎಲ್ಲರಿಗೂ ಅವಸರ. ಸಿದ್ಧ ಕಾಂಕ್ರೀಟಿನ (ಆರ್‌ಎಂಸಿ) ಗಾಡಿ ಕೆಳಗೆ ನಿಂತಿರುತ್ತದೆ, ಪಂಪಿನವನು ಕೂಗುತ್ತಿರುತ್ತಾನೆ, ನಡುವೆ ನಿಲ್ಲಿಸುವ ಹಾಗಿಲ್ಲ. ಹಸಿ ಕಾಂಕ್ರೀಟಿನಲ್ಲಿ ಮೊಣಕಾಲೂರಿ ಮಟ್ಟ ಮಾಡುವವನ ಪ್ಯಾಂಟು ನೆನೆದು ಗಂಟೆಗಟ್ಟಲೆ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಮೊಣಕಾಲಡಿಗೆ ಪ್ಲೈವುಡ್ ತುಂಡು ಹಾಕಿ. ಗಮ್‌ಬೂಟು ಹಾಕಿ, ಪ್ಯಾಂಟಿನ ತುದಿ ಬೂಟಿನ ಹೊರಗೆ ಇಳಿಬಿಡಿ. ಒಳಗೆ ತುರುಕಿದರೆ ಕಾಂಕ್ರೀಟಿನ ನೀರು ಬಟ್ಟೆಯ ಗುಂಟ ನೇರವಾಗಿ ಪಾದಕ್ಕೆ ಇಳಿಯುತ್ತದೆ. ಬೂಟಿನೊಳಗೆ ಕಾಂಕ್ರೀಟು ಹೊಕ್ಕರೆ ಪಂಪು ಎಷ್ಟೇ ಕೂಗಲಿ, ಇಳಿದು ಬಂದು ತೊಳೆಯಿರಿ. ಪಾದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುವುದು ಏನೂ ಇಲ್ಲದ್ದಕ್ಕಿಂತ ವಾಸಿ ಅಂತೀರಿ. ತೂತು ಬೀಳುವವರೆಗೆ ವಾಸಿ, ಬಿದ್ದ ಮೇಲೆ ಚೀಲವೇ ಸಿಮೆಂಟಿನ ತೊಟ್ಟಿ.

8. ಹೆಣ್ಣಾಳಿನ ಘಮೇಲಾ ಪರೀಕ್ಷಿಸಿ

ಕೈಯ ಮಾತೆಲ್ಲ ಗವಂಡಿಯ ಸುತ್ತಲೇ ಸುತ್ತುತ್ತದೆ. ತಲೆಯ ಮೇಲೆ ಮಾಲು ಹೊರುವ ಅಕ್ಕಂದಿರ ಮಾತು ಯಾರೂ ಎತ್ತುವುದಿಲ್ಲ. ಬುಡ ಸವೆದ ಘಮೇಲಾದಿಂದ ತೊಟ್ಟಿಕ್ಕುವ ನೀರು ಸಿಂಬೆ ನೆನೆಸಿ, ಹಣೆ, ಕಿವಿಯ ಹಿಂಭಾಗ, ಕತ್ತಿಗೆ ಇಳಿಯುತ್ತದೆ. ಎತ್ತಿ ಹಿಡಿದ ತೋಳಿನ ಗುಂಟ ಕಂಕುಳವರೆಗೆ ಹರಿಯುತ್ತದೆ. ಬಳೆಗಳ ಅಡಿ ಸಿಕ್ಕಿಕೊಂಡದ್ದು ಅಲ್ಲೇ ಒಣಗುತ್ತದೆ. ಬಳೆ ತೆಗೆಯಿರಿ ಎಂದರೆ ಮುತ್ತೈದೆ ಒಪ್ಪಳು, ಒಪ್ಪಬೇಕೆಂದು ಒತ್ತಾಯಿಸುವುದೂ ಸಲ್ಲ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುವ ರೂಢಿ ಅವರಲ್ಲಿ ಆಗಲೇ ಇದೆ. ಒಳ್ಳೆಯ ರೂಢಿ. ಅದರ ತೋಳು ಬಳೆ ಮುಚ್ಚುವಷ್ಟು ಉದ್ದವಿದ್ದು ತುದಿಗೆ ಗುಂಡಿ ಹಾಕಿದ್ದರೆ ಅರ್ಧ ಕೆಲಸ ಆಯಿತು. ಉಳಿದರ್ಧ ಆಳುಗಳ ಮೇಲ್ವಿಚಾರಕ ಮುಕಾದಮನದು: ತೂತಿನ ಘಮೇಲಾ ಗುಜರಿಗೆ ಹಾಕಬೇಕು, ಸಿಂಬೆಯ ಬಟ್ಟೆಯನ್ನು ದಿನಾ ಒಗೆಯಲು ಬಿಡಬೇಕು, ಸಿಂಬೆಯ ಮೇಲೊಂದು ಪ್ಲಾಸ್ಟಿಕ್ ಹಾಳೆ ಕೊಡಬೇಕು.

ಮನೆಗೆ ಹೋದ ಮೇಲೆ ಸಿಮೆಂಟಿನ ಬಟ್ಟೆ ಒಗೆಯುವುದೂ ಇವರೇ. ಹತ್ತಡಿಯ ಕೋಣೆಯಲ್ಲಿ ನೀರು ಬರುವ ಹೊತ್ತು ಎಣಿಸಿಕೊಂಡು ಬದುಕುವವರಿಗೆ ಎಲ್ಲ ಬಟ್ಟೆ ಒಟ್ಟಿಗೆ ನೆನೆಹಾಕುವುದು ಸುಲಭ. ಮಕ್ಕಳ ಬಟ್ಟೆಯ ಜೊತೆ ಮಾತ್ರ ನೆನೆಹಾಕಬೇಡಿ. ಸೈಟಿನಲ್ಲೇ ಒಣಪುಡಿ ಕೊಡವಿ ಬನ್ನಿ.

9. ಸಿಮೆಂಟ್ ಚೀಲದ ಕೊಪ್ಪೆ ಹಾಕಬೇಡಿ. ಆ್ಯಸಿಡ್ಡಿಗೆ ಕೈ ಹಾಕಬೇಡಿ

ಜೂನ್ ಮಳೆ ಹೊಡೆದಾಗ ಖಾಲಿ ಚೀಲವನ್ನು ಮೂಲೆ ಮಡಚಿ ತಲೆಗೆ ಹಾಕಿಕೊಳ್ಳುವುದು ಊರಿನ ಕಂಬಳಿ ಕೊಪ್ಪೆಯ ನೆನಪಿನಿಂದ ಬಂದದ್ದಿರಬೇಕು. ಚೀಲದ ಮಡಿಕೆಯಲ್ಲಿ ಉಳಿದ ಪುಡಿ ಮಳೆಗೆ ನೆನೆದು ಕತ್ತು, ಬೆನ್ನು, ಕಣ್ಣಿಗೆ ಇಳಿಯುತ್ತದೆ. ಸಾದಾ ಪ್ಲಾಸ್ಟಿಕ್ ಹಾಳೆ ಹೊದೆಯಿರಿ.

ಟೈಲ್ಸಿನ ಮೇಲಿನ ಸಿಮೆಂಟು ಕಲೆ ತೆಗೆಯುವ ಆ್ಯಸಿಡ್ ಹೈಡ್ರೊಕ್ಲೋರಿಕ್ ಆಮ್ಲ. ಸಿಮೆಂಟನ್ನು ಕರಗಿಸುತ್ತದೆಂದು ಅದರಿಂದ ಕೈಯನ್ನೂ ತೊಳೆಯುವ ಶೂರರಿದ್ದಾರೆ. ಕೈ ತೊಳೆಯಲು ಅದೂ ಬೇಡ, ಥಿನ್ನರ್, ಸೀಮೆಎಣ್ಣೆಯೂ ಬೇಡ. ವಾಟರ್‌ಪ್ರೂಫಿಂಗಿನ ಎಪಾಕ್ಸಿ ಇನ್ನೊಂದು ಜಾತಿ. ಗಟ್ಟಿಯಾಗುವ ಮುಂಚೆ ಚರ್ಮಕ್ಕೆ ತಾಗಿದರೆ ಅದೇ ಒಂದು ಅಲರ್ಜಿ ಹುಟ್ಟಿಸಬಲ್ಲದು.

10. ತುರಿಕೆಯನ್ನು ಓದಲು ಕಲಿಯಿರಿ

ಸಿಮೆಂಟಿನ ಚರ್ಮರೋಗ ಎರಡು ಬಗೆ. ನಿಮಗಿರುವುದು ಯಾವುದು ಎಂಬುದರ ಮೇಲೆ ನಿಮ್ಮ ಕಸುಬಿನ ಆಯುಸ್ಸು ನಿಂತಿದೆ.

ಮೊದಲನೆಯದು ಕ್ಷಾರ, ಉಜ್ಜಾಟಗಳಿಂದ ಆಗುವ ಒಣಗುವಿಕೆ, ಸೀಳು, ಉರಿ. ಕೆಲ ದಿನ ಕೈಗೆ ವಿಶ್ರಾಂತಿ ಕೊಟ್ಟು ಎಣ್ಣೆ ಹಚ್ಚಿದರೆ ಇಳಿಯುತ್ತದೆ. ಎರಡನೆಯದು ಅಲರ್ಜಿ. ಅದರ ಮೂಲ ಸಿಮೆಂಟಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ, ನೀರಿನಲ್ಲಿ ಕರಗುವ ಕ್ರೋಮೇಟ್. ಕಚ್ಚಾವಸ್ತುವಿನಲ್ಲಿದ್ದ ಕ್ರೋಮಿಯಂ ಸುಮಾರು 1450 ಡಿಗ್ರಿಯ ಗೂಡಿನಲ್ಲಿ ಈ ರೂಪಕ್ಕೆ ತಿರುಗುತ್ತದೆ. ವರ್ಷಗಟ್ಟಲೆ ಏನೂ ಆಗದೆ ಒಂದು ದಿನ ಶುರುವಾಗಬಹುದು. ಒಮ್ಮೆ ದೇಹ ಅದನ್ನು ಶತ್ರು ಎಂದು ಗುರುತಿಟ್ಟುಕೊಂಡರೆ ಸಾಮಾನ್ಯವಾಗಿ ಜೀವನಪರ್ಯಂತ ಮರೆಯುವುದಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ವಾಸಿಯಾಗಿ, ಕೆಲಸಕ್ಕೆ ಮರಳಿದ ಒಂದೆರಡು ದಿನಕ್ಕೇ ಮತ್ತೆ ತುರಿಸಿ, ನೀರುಗುಳ್ಳೆ ಎದ್ದು, ಸಿಮೆಂಟು ತಾಗದ ಕಡೆಗೂ ಹಬ್ಬಿದರೆ ಅನುಮಾನಪಡಿ.

ಇದು ಹೊಸ ಸಂಗತಿಯಲ್ಲ. ಸಿಮೆಂಟಿನ ಇಸಬಿಗೂ ಕ್ರೋಮೇಟಿಗೂ ಇರುವ ನಂಟನ್ನು 1950ರಲ್ಲಿ ಯೇಗರ್ ಮತ್ತು ಪೆಲ್ಲೋನಿ ಎಂಬ ವೈದ್ಯರು ತೋರಿಸಿದರು. ಡೆನ್ಮಾರ್ಕ್ 1983ರಲ್ಲೇ ಕರಗುವ ಕ್ರೋಮೇಟಿಗೆ ಹತ್ತು ಲಕ್ಷದಲ್ಲಿ ಎರಡು ಪಾಲು ಎಂಬ ಮಿತಿ ಹಾಕಿತು. ಸಿಮೆಂಟಿಗೆ ಚೂರು ಫೆರಸ್ ಸಲ್ಫೇಟ್ ಬೆರೆಸಿದರೆ ಸಾಕು, ಕ್ರೋಮೇಟ್ ಸುಲಭವಾಗಿ ಚರ್ಮ ಹೊಗದ ರೂಪಕ್ಕೆ ಇಳಿಯುತ್ತದೆ. ಮುಂದೆ ಅಲ್ಲಿನ ಕಾರ್ಮಿಕರಲ್ಲಿ ಈ ಅಲರ್ಜಿ ಇಳಿಮುಖವಾಯಿತು. 2005ರ ಜನವರಿಯಿಂದ ಇಡೀ ಯುರೋಪಿಯನ್ ಒಕ್ಕೂಟ ಅದೇ ಮಿತಿಗೆ ಬಂತು. ಇಷ್ಟು ಅಗ್ಗದ ಉಪಾಯ ಇಲ್ಲಿನ ಪ್ರತಿ ಚೀಲಕ್ಕೂ ಕಡ್ಡಾಯವಾಗಬೇಕು ಎಂದು ಕಾರ್ಮಿಕ ಸಂಘಟನೆಗಳು ಗಟ್ಟಿಯಾಗಿ ಕೇಳಬೇಕು.

ಅನುಮಾನವಿದ್ದರೆ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಚಿಕ್ಕ ಪಟ್ಟಿಗಳನ್ನು ಎರಡು ದಿನ ಅಂಟಿಸಿಟ್ಟು ಯಾವುದಕ್ಕೆ ಚರ್ಮ ಕೆಂಪಾಯಿತು ಎಂದು ನೋಡುತ್ತಾರೆ. ಆ ದಿನಗಳಲ್ಲಿ ಬೆನ್ನು ನೆನೆಯಬಾರದು, ಬೆವರುವ ಕೆಲಸ ಮಾಡಬಾರದು, ಅದಕ್ಕೆ ರಜೆ ಹೊಂದಿಸಿಕೊಳ್ಳಿ. ಆಂಟಾಪ್ ಹಿಲ್‌ನವರಿಗೆ ಹತ್ತಿರದ ದೊಡ್ಡಾಸ್ಪತ್ರೆ ಸಾಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆ. ಅಲ್ಲಿನ ಚರ್ಮವಿಭಾಗದಲ್ಲಿ ವಿಚಾರಿಸಿ. “ಗಾರೆ ಕೆಲಸ ಮಾಡ್ತೀನಿ” ಎಂದು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ. ಅಂಗಡಿಯವನು ಕೇಳದೆಯೇ ಕೊಡುವ, ಸ್ಟೀರಾಯ್ಡ್ ಬೆರೆಸಿದ ತುರಿಕೆಯ ಟ್ಯೂಬು ಎರಡು ದಿನ ಆರಾಮ ಕೊಡುತ್ತದೆ, ಆಮೇಲೆ ಚರ್ಮವನ್ನೇ ತೆಳ್ಳಗೆ ಮಾಡುತ್ತದೆ. ತುರಿಕೆಯೇ ಇಲ್ಲದ, ಮುಟ್ಟಿದರೆ ತಿಳಿಯದ ಮಚ್ಚೆ ಕಂಡರೆ ಮಾತ್ರ ಸಿಮೆಂಟಿನ ಮೇಲೆ ಹೊಣೆ ಹೊರಿಸಬೇಡಿ. ಅದು ಕುಷ್ಠದ ಗುರುತಾಗಿರಬಹುದು. 1890ರಲ್ಲಿ ಶುರುವಾದ ಆಕ್ವರ್ತ್ ಆಸ್ಪತ್ರೆ ವಡಾಲಾದಲ್ಲೇ ಇದೆ. ಬೇಗ ಹೋದರೆ ಪೂರ್ತಿ ಗುಣವಾಗುವ ರೋಗಕ್ಕೆ ನಾಚಿಕೆ ಯಾಕೆ?

11. ಮೈಗೆ ಬಿದ್ದರೆ ನೀರು, ನೀರು, ನೀರು

ಒಣಪುಡಿಯಾದರೆ ಮೊದಲು ಕೊಡವಿ. ನೆನೆದ ಬಟ್ಟೆ, ಬೂಟು ಬಿಚ್ಚಿ. ಹರಿಯುವ ಶುದ್ಧ ನೀರಿನಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ತೊಳೆಯಿರಿ. ನಿಂಬೆಹುಳಿ ಹುಡುಕುತ್ತ ಕಾಲ ಕಳೆಯಬೇಡಿ. ಅರಿಸಿನ, ಟೂತ್‌ಪೇಸ್ಟ್, ಶಾಯಿ ಬೇಡ. ಗುಳ್ಳೆ ಒಡೆಯಬೇಡಿ. ಚರ್ಮ ಬೆಳ್ಳಗೋ ಕಪ್ಪಗೋ ತಿರುಗಿ ನೋವೇ ಇಲ್ಲದಿದ್ದರೆ ಅದು ಆಳದ ಸುಟ್ಟಗಾಯ, ಆವತ್ತೇ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಅಷ್ಟೇ ಹೊತ್ತು ತೊಳೆದು, ಪಾಳಿ ಮುಗಿಯಲಿ ಎಂದು ಕಾಯದೆ ಹೊರಡಿ. ಸುಣ್ಣ ಕಣ್ಣಿನೊಳಗೆ ಇಳಿಯುತ್ತಲೇ ಹೋಗುತ್ತದೆ.

12. ಕೆಲಸದ ದಿನವನ್ನೂ ಗ್ಲೌಸನ್ನೂ ಕಾಗದದ ಮೇಲೆ ತನ್ನಿ

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗಳು 1996ರ ಕಾಯಿದೆಯಿಂದ ಹುಟ್ಟಿದವು. ಅವುಗಳಿಗೆ ಹಣ ಬರುವುದು ಕಟ್ಟಡದ ವೆಚ್ಚದ ಮೇಲಿನ ಸೆಸ್‌ನಿಂದ, ಅಂದರೆ ನೀವು ಕಟ್ಟಿದ ಗೋಡೆಯಿಂದಲೇ. 18ರಿಂದ 60ರ ಒಳಗಿನ, ಹಿಂದಿನ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಯಾರು ಬೇಕಾದರೂ ಹೆಸರು ನೋಂದಾಯಿಸಬಹುದು. ತಾಪತ್ರಯವಿರುವುದು 90 ದಿನದ ಪ್ರಮಾಣಪತ್ರದಲ್ಲಿ. ನಾಕಾದಲ್ಲಿ ದಿನಕ್ಕೊಬ್ಬ ಮಾಲೀಕ, ಯಾರು ಸಹಿ ಹಾಕುತ್ತಾರೆ? ಕೆಲಸ ಮಾಡಿದ ಜಾಗ, ತಾರೀಕು, ಠೇಕೇದಾರನ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಅಂದಂದೇ ಬರೆದಿಡಿ. ಬರೆಯಲು ಬಾರದಿದ್ದರೆ ಓದುವ ಮಗಳಿಗೆ ಸಂಜೆ ಹೇಳಿ ಬರೆಸಿ. ಪ್ರಮಾಣಪತ್ರ ಕೇಳುವಾಗಲೂ, ಚರ್ಮರೋಗಕ್ಕೆ ಪರಿಹಾರ ಕೇಳುವಾಗಲೂ ಆ ನೋಟ್‌ಬುಕ್ಕೇ ಸಾಕ್ಷಿ.

ಏಣಿ ಹತ್ತಿ ನೀವೇ ಸಣ್ಣ ಠೇಕೇದಾರರಾಗಿದ್ದರೆ ಕೊಟೇಷನ್ನಿನಲ್ಲಿ ಸಿಮೆಂಟು, ಉಸುಕು, ಖಡಿಯ ಕೆಳಗೆ “ಗ್ಲೌಸು, ಬೂಟು, ಸಾಬೂನು” ಎಂದು ಬೇರೆ ಸಾಲೇ ಬರೆಯಿರಿ. ಕೂಲಿಯಲ್ಲಿ ಸೇರಿಸಿ ಬಚ್ಚಿಟ್ಟರೆ ಚೌಕಾಸಿಯಲ್ಲಿ ಮೊದಲು ಹಾರಿಹೋಗುವುದು ಅದೇ. ಇನ್ನು ಫ್ಲ್ಯಾಟ್ ರಿಪೇರಿ ಮಾಡಿಸುವ ನಮ್ಮಂಥವರು: ಬಾತ್‌ರೂಮ್ ಒಡೆಸುವ ಮೊದಲು ಅಡುಗೆಮನೆಯ ಸಿಂಕೋ, ಬಾಲ್ಕನಿಯ ಕೊಳಾಯಿಯೋ, ಒಂದು ನಲ್ಲಿಯನ್ನು ಕೆಲಸದವರಿಗೆಂದು ಬಿಟ್ಟುಕೊಟ್ಟು, ಪಕ್ಕದಲ್ಲಿ ಒಂದು ಮೈಸಾಬೂನು ಇಡಬೇಕು. ಸೊಸೈಟಿಯ ವಾಚ್‌ಮನ್ ತಕರಾರು ತೆಗೆದರೆ ಅವನ ಜೊತೆ ಮಾತಾಡುವುದು ಮನೆಯವರ ಕೆಲಸ, ಗವಂಡಿಯದಲ್ಲ.